ದೂರ ನಿಂತೇ ಜೊತೆಯಾಗುವ ಎರೆಭೂತ

ಗದಗದಿಂದ ಹೊಸಪೇಟೆ ಕಡೆಗೆ ಹೊರಟ ರೈಲು ಬನ್ನಿಕೊಪ್ಪ, ತಳಕಲ್ ಸೀಮೆಗೆ ಬರುವ ಹೊತ್ತಿಗೆ ಕಿಟಕಿಯಾಚೆ ಕಣ್ಣಿಗೆ ಅಡ್ಡ ಬರುವಂಥದ್ದು ಹೆಚ್ಚೇನೂ ಉಳಿದಿರುವುದಿಲ್ಲ. ಗುಡ್ಡ ಹಿಂದೆ ಸರಿದಿರುತ್ತದೆ. ಎಡಕ್ಕೂ ಬಲಕ್ಕೂ ಕರಿ ಎರೆ ಭೂಮಿ. ಹಿಂಗಾರಿ ಕಾಲವಾದರೆ ಬಿಳಿಜೋಳ, ಕಡಲೆ, ನಡುನಡುವೆ ಕುಸುಬೆಯ ಸಾಲು. ಬೇಸಿಗೆಯಾದರೆ ಕೈ ಇಳಿಸಬಹುದಾದಷ್ಟು ಅಗಲಕ್ಕೆ ಬಿರಿದ ಬರಿ ನೆಲ. ಇತ್ತೀಚಿನ ವರ್ಷಗಳಲ್ಲಿ ಈ ನೋಟಕ್ಕೆ ಗಾಳಿಯಂತ್ರಗಳೂ ವಿದ್ಯುತ್ ತಂತಿಗಳೂ ಸೇರಿಕೊಂಡಿವೆ. ಮಲೆನಾಡಿನಿಂದ ಬಂದವರಿಗೆ ‘ಇಲ್ಲೇನಿದೆ ನೋಡುವುದಕ್ಕೆ’ ಅನ್ನಿಸುವುದು ಸಹಜ. ಆದರೆ ಬಯಲನ್ನು ನೋಡುವುದಕ್ಕೂ ಒಂದು ಅಭ್ಯಾಸ ಬೇಕು. ಕಾಡಿನಲ್ಲಿ ಪ್ರಾಣಿ ಮರೆಯಲ್ಲಿರುತ್ತದೆ, ಬಯಲಿನಲ್ಲಿ ದೂರದಲ್ಲಿರುತ್ತದೆ.

ತಳಕಲ್ ಮೊದಲು ಯಲಬುರ್ಗಾ ತಾಲ್ಲೂಕಿಗೆ ಸೇರಿತ್ತು, ಈಗ ಕುಕನೂರು ತಾಲ್ಲೂಕಿನಲ್ಲಿದೆ. 1997ರಲ್ಲಿ ರಾಯಚೂರು ಜಿಲ್ಲೆಯಿಂದ ಕೊಪ್ಪಳ ಬೇರೆಯಾದ ಮೇಲೆ ಈ ಕಡೆಗೆ ಸ್ವಲ್ಪ ಓಡಾಟ ಹೆಚ್ಚಿತು. ಗದಗ–ವಾಡಿ ಹೊಸ ರೈಲು ಮಾರ್ಗ ಹಳೆಯ ಹಳಿಯಿಂದ ಕವಲೊಡೆಯುವುದು ಇಲ್ಲಿಯೇ. ಕುಕನೂರು, ಯಲಬುರ್ಗಾ ಸೀಮೆ ಹಾದು ಹೋಗುವ ಈ ಮಾರ್ಗದಲ್ಲಿ 2025ರ ಮೇ ತಿಂಗಳಿನಿಂದ ಕುಷ್ಟಗಿಯವರೆಗೂ ರೈಲು ಓಡುತ್ತಿದೆ. ಊರಿನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇರುವುದರಿಂದ ಮಕ್ಕಳನ್ನು ಸೇರಿಸಲು ಬರುವ ತಂದೆ ತಾಯಿಯರಿಗೂ ಇದರ ಹೆಸರು ಪರಿಚಿತ. ಹತ್ತಿರದಲ್ಲೇ ಇಟಗಿ. ಕ್ರಿ.ಶ. 1112ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಗುಡಿ ಅಲ್ಲಿದೆ. ಶಾಸನ ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿರುವುದು ಪ್ರವಾಸಿಗಳಿಗೆಲ್ಲ ಗೊತ್ತು. ಗುಡಿ ನೋಡಿ ಹೊರಟವರು ದಾರಿಯಲ್ಲಿ ಹೊಲದ ಕಡೆಗೆ ಕಣ್ಣು ಹಾಯಿಸುವುದು ಕಡಿಮೆ.

ಹಾಯಿಸಿದರೆ, ಅದೃಷ್ಟವಿದ್ದರೆ, ಚಿಗರಿಗಳು ಕಾಣುತ್ತವೆ. ಪುಸ್ತಕದಲ್ಲಿ ಕೃಷ್ಣಮೃಗ ಎಂದು ಕರೆಯುವ ಪ್ರಾಣಿಯೇ ಇದು. ‘ಅಪ್ಪಾ, ಅಲ್ಲಿ ನೋಡ್ರಿ, ಎಷ್ಟೊಂದು ಚಿಗರಿ ಅದಾವ’ ಎಂದು ಹುಡುಗರು ಕೂಗುವುದುಂಟು. ಕುಕನೂರು, ಯಲಬುರ್ಗಾ ಭಾಗದ ರೈತರಿಗೆ ಅವು ಬೆಳೆ ತಿನ್ನುವ ಪೀಡೆಯೂ ಹೌದು. ಮೊಳಕೆಯೊಡೆದ ಕಡಲೆಯ ಹೊಲಕ್ಕೆ ಹಿಂಡು ನುಗ್ಗಿದರೆ ಬೆಳಗಾಗುವಷ್ಟರಲ್ಲಿ ಬಿತ್ತಿದ್ದೆಲ್ಲ ಹೋಗಿರುತ್ತದೆ. ಚಿಗರಿಯ ಬೆನ್ನಿಗೆ ತೋಳವೂ ಈ ಜಿಲ್ಲೆಯಲ್ಲಿದೆ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗೆಂದೇ ಒಂದು ಧಾಮವನ್ನು ಮಾಡಲಾಗಿದೆ.

ಆದರೆ ದಖ್ಖನ್ನಿನ ಎರೆ ಬಯಲಿನ ಹಳೆಯ ಕುಟುಂಬದಲ್ಲಿ ಚಿಗರಿ, ತೋಳಗಳ ಜೊತೆಗೆ ಮೂರನೆಯದೊಂದು ಜೀವವಿತ್ತು. ಅದು ಹಕ್ಕಿ. ಎರೆಭೂತ, ಎರ್ಲಡ್ಡು, ದೊರವಾಯನ ಹಕ್ಕಿ ಎಂದು ನಾನಾ ಹೆಸರು. ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್. ಇಂದು ತಳಕಲ್ಲಿನ ಹೊಲದಲ್ಲಿ ಅದನ್ನು ಕಾಣುತ್ತೇವೆಂದು ಯಾರೂ ದುರ್ಬೀನು ಹಿಡಿದು ಹೊರಡಬೇಕಿಲ್ಲ. ಕರ್ನಾಟಕದಲ್ಲಿ ಅದರ ಕೊನೆಯ ನೆಲೆ ತುಂಗಭದ್ರೆಯ ಆಚೆ, ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ಮಳೆಯಾಶ್ರಿತ ಹೊಲಗಳಲ್ಲಿ. ಅಲ್ಲಿಯೂ ಬೆರಳೆಣಿಕೆಯಷ್ಟು. ತಳಕಲ್ಲಿನಲ್ಲಿ ಚಿಗರಿ ಉಳಿದು ಹೆಚ್ಚಿತು, ಅದೇ ಬಗೆಯ ನೆಲವನ್ನು ನೆಚ್ಚಿದ ಹಕ್ಕಿ ಮಾತ್ರ ಏಕೆ ಹೀಗಾಯಿತು? ಉತ್ತರದ ಒಂದು ದೊಡ್ಡ ಪಾಲು, ಅವೆರಡೂ ಗುಂಪು ಕಟ್ಟುವ ರೀತಿಯಲ್ಲೇ ಇದೆ.

ಹಕ್ಕಿಯ ಪರಿಚಯ ಮೊದಲು ಆಗಲಿ. ಗಂಡು ಸುಮಾರು ಒಂದು ಮೀಟರ್ ಎತ್ತರ. ಎಂಟರಿಂದ ಹದಿನೈದು ಕೆ.ಜಿ.ವರೆಗೆ ತೂಗುತ್ತದೆ, ಹಾರಬಲ್ಲ ಹಕ್ಕಿಗಳಲ್ಲಿ ಇಷ್ಟು ಭಾರದವು ಜಗತ್ತಿನಲ್ಲೇ ಕಡಿಮೆ. ಹೆಣ್ಣು ಅದರ ಅರ್ಧದಷ್ಟು. ಬೆಳ್ಳನೆಯ ಉದ್ದ ಕತ್ತು, ತಲೆಯ ಮೇಲೆ ಕರಿ ಟೋಪಿ, ಕಂದು ಬೆನ್ನು, ಗಂಡಿನ ಎದೆಗೆ ಅಡ್ಡಲಾಗಿ ಕಪ್ಪು ಪಟ್ಟಿ. ಕಾಲಿನಲ್ಲಿ ಮೂರೇ ಬೆರಳು, ಮೂರೂ ಮುಂದಕ್ಕೆ. ಹಿಂದಿನ ಬೆರಳಿಲ್ಲದ್ದರಿಂದ ಕೊಂಬೆ ಹಿಡಿದು ಕೂರಲಾರದು. ಮರವಿದ್ದರೂ ಅದಕ್ಕೆ ಅದರ ಮೇಲೆ ಜಾಗವಿಲ್ಲ. ಉಣ್ಣುವುದು, ಮಲಗುವುದು, ಮೊಟ್ಟೆಯಿಡುವುದು ಎಲ್ಲವೂ ನೆಲದ ಮೇಲೆಯೇ. ಮಿಡತೆ, ಜೀರುಂಡೆ, ಹಲ್ಲಿ, ಬಾರಿಹಣ್ಣು, ಹೊಲದ ಕಡಲೆ, ಶೇಂಗಾ ಇವೆಲ್ಲ ಆಹಾರ. ರಾಷ್ಟ್ರಪಕ್ಷಿಯನ್ನು ಆರಿಸುವ ಮಾತು ಬಂದಾಗ ಪಕ್ಷಿತಜ್ಞ ಸಾಲಿಂ ಅಲಿ ಈ ಹಕ್ಕಿಯ ಪರವಾಗಿ ನಿಂತಿದ್ದರು. 1963ರಲ್ಲಿ ಆ ಗೌರವ ನವಿಲಿಗೆ ಹೋಯಿತು.

ಚಿಗರಿ ತಿನ್ನುವುದು ಹುಲ್ಲು. ಹುಲ್ಲು ಒಂದೆಡೆ ಹಾಸಿದಂತೆ ಬೆಳೆಯುತ್ತದೆ. ಐವತ್ತು ಚಿಗರಿ ಮೈಗೆ ಮೈ ತಾಗುವಂತೆ ಮೇಯ್ದರೂ ಒಂದರ ಬಾಯಿಯ ತುತ್ತನ್ನು ಇನ್ನೊಂದು ಕಸಿಯುವುದು ಅಪರೂಪ. ಹಿಂಡು ದೊಡ್ಡದಾದಷ್ಟೂ ತೋಳವನ್ನು ಮೊದಲು ಕಾಣುವ ಕಣ್ಣುಗಳು ಹೆಚ್ಚು. ಎರೆಭೂತನ ಊಟ ಹಾಗಲ್ಲ. ಮಿಡತೆ ಇಲ್ಲೊಂದು ಅಲ್ಲೊಂದು. ಒಂದು ಹಕ್ಕಿ ನಡೆದು ಹೋದ ದಾರಿಯಲ್ಲಿ ಹಿಂದೆಯೇ ಬಂದ ಇನ್ನೊಂದಕ್ಕೆ ಸಿಗುವುದು ಎದ್ದು ಹಾರಿಹೋದ ಮಿಡತೆಯ ಸದ್ದು ಮಾತ್ರ. ಆದ್ದರಿಂದ ಪ್ರತಿ ಹಕ್ಕಿಗೂ ತನ್ನದೇ ಒಂದಷ್ಟು ಅಗಲದ ನೆಲ ಬೇಕು. ಅಂದಮಾತ್ರಕ್ಕೆ ಇವು ಒಂಟಿಬಡಕ ಹಕ್ಕಿಗಳಲ್ಲ. ಎತ್ತರದ ಕತ್ತು, ತೆರೆದ ಬಯಲು ಎರಡೂ ಇರುವುದರಿಂದ ಬಹುದೂರದಲ್ಲಿರುವ ಹಕ್ಕಿಯೂ ಕಣ್ಣಳತೆಯಲ್ಲೇ ಇರುತ್ತದೆ. ಒಂದು ಕತ್ತು ನಿಮಿರಿಸಿ ಗಾಬರಿಯಿಂದ ನಿಂತರೆ ದೂರದ ಇನ್ನೊಂದಕ್ಕೆ ಸುದ್ದಿ ಮುಟ್ಟಿದಂತೆ. ನೋಡುಗನ ಕಣ್ಣಿಗೆ ಸಂಬಂಧವಿಲ್ಲದ ಎರಡು ಚುಕ್ಕೆಗಳಾಗಿ ಕಾಣುವುದು ಅವುಗಳ ಲೆಕ್ಕದಲ್ಲಿ ಒಂದು ಗುಂಪು ಆಗಿರಬಹುದು.

ಮಳೆಗಾಲ ಬಂದಾಗ ಈ ವ್ಯವಸ್ಥೆ ಇನ್ನೂ ಸ್ಪಷ್ಟವಾಗುತ್ತದೆ. ಆಗ ಬೆಳೆದ ಗಂಡು ಸ್ವಲ್ಪ ಎತ್ತರದ, ಹುಲ್ಲು ಗಿಡ್ಡವಾಗಿರುವ ಜಾಗ ಹಿಡಿಯುತ್ತದೆ. ಬಾಲವನ್ನು ಬೆನ್ನ ಮೇಲಕ್ಕೆ ಮಡಚಿ, ರೆಕ್ಕೆ ಇಳಿಬಿಟ್ಟು, ಕತ್ತಿನ ಚೀಲವನ್ನು ಗಾಳಿಯಿಂದ ಉಬ್ಬಿಸುತ್ತದೆ. ಆ ಬಿಳಿ ಚೀಲ ಎದೆಯ ಕೆಳಗೆ ಜೋತಾಡುತ್ತದೆ. ಆಮೇಲೆ ಒಂದು ಗಂಭೀರ ಗುಂಯ್‌ಗುಡುವ ದನಿ. ಈ ದನಿ ಸುಮಾರು ಅರ್ಧ ಕಿ.ಮೀ. ದೂರಕ್ಕೆ ಕೇಳಿಸುತ್ತದೆ. ಪಕ್ಕದ ಗಂಡು ಅದೇ ಬಯಲಿನಲ್ಲಿ ಬೇರೆ ಜಾಗ ಹಿಡಿದು ಇದೇ ಕೆಲಸದಲ್ಲಿ ತೊಡಗಿರುತ್ತದೆ. ಹೆಣ್ಣು ಬಂದು, ನೋಡಿ, ಆರಿಸಿ ಹೋಗುತ್ತದೆ. ಗಂಡುಗಳು ಒಂದೆಡೆ ಸೇರಿ ಪ್ರದರ್ಶನ ನೀಡುವ ಇಂಥ ರಂಗಸ್ಥಳವನ್ನು ವಿಜ್ಞಾನಿಗಳು ‘ಲೆಕ್’ ಎನ್ನುತ್ತಾರೆ. ಗುಜರಾತಿನ ವೇಳಾವದರ್‌ನಲ್ಲಿ ಕೃಷ್ಣಮೃಗದ ಗಂಡುಗಳೂ ಲೆಕ್ ಮಾಡುತ್ತವೆ, ಆದರೆ ಅಲ್ಲಿ ಒಂದು ಗಂಡಿನ ಗಡಿಗೆ ಇನ್ನೊಂದರ ಗಡಿ ಹೊಂದಿಕೊಂಡಿರುತ್ತದೆ. ಸಂತೆಯಲ್ಲಿ ಅಂಗಡಿ ಹೂಡಿದಂತೆ. ಎರೆಭೂತನದು ಚದುರಿದ ಲೆಕ್. ಅಂಗಡಿಗಳೆಲ್ಲ ಒಂದೇ ಸಂತೆಗೆ ಸೇರಿದವು, ಆದರೆ ಒಂದು ಆ ಊರ ಅಗಸೆಯಲ್ಲಿ, ಇನ್ನೊಂದು ಈ ಊರ ಕೆರೆಯ ಮೇಲೆ.

ಗಣಿತ ಇಷ್ಟಪಡುವ ವಿದ್ಯಾರ್ಥಿಗಳು ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಬಹುದು. ಅರ್ಧ ಕಿ.ಮೀ. ತ್ರಿಜ್ಯದ ವೃತ್ತದ ವಿಸ್ತೀರ್ಣ 0.785 ಚದರ ಕಿ.ಮೀ., ಅಂದರೆ ಸುಮಾರು 194 ಎಕರೆ. ಒಂದು ಗಂಡಿನ ಕೂಗು ಮುಟ್ಟುವುದು ಇಷ್ಟಕ್ಕೆ. ಉದ್ದ ಹತ್ತು, ಅಗಲ ಹತ್ತು ಕಿ.ಮೀ. ಇರುವ ಬಯಲನ್ನು ಕಲ್ಪಿಸಿಕೊಳ್ಳಿ. ನೂರು ಚದರ ಕಿ.ಮೀ. ಅದರಲ್ಲಿ ಒಂದೇ ಗಂಡಿದ್ದರೆ ಅದರ ದನಿ ನೂರರಲ್ಲಿ ಒಂದು ಪಾಲಿಗೂ ಮುಟ್ಟುವುದಿಲ್ಲ. ಐದು ಗಂಡಿದ್ದರೂ ನಾಲ್ಕು ಪಾಲನ್ನು ದಾಟುವುದಿಲ್ಲ. ಹೆಣ್ಣು ಕಿವಿಯನ್ನಷ್ಟೇ ನಂಬಿ ಕೂತಿರುವುದಿಲ್ಲ ನಿಜ, ನಡೆದಾಡುತ್ತದೆ, ದೂರದಿಂದ ಬಿಳಿ ಚೀಲವನ್ನು ಕಾಣುತ್ತದೆ, ಹೋದ ವರ್ಷದ ಜಾಗವನ್ನು ಹುಡುಕಿಕೊಂಡು ಬರುತ್ತದೆ. ಆದರೂ ದೂರ ದೂರ ನಿಂತು ಬಾಳುವ ಜೀವಕ್ಕೆ ಸಂಖ್ಯೆ ಕುಗ್ಗಿದಾಗ ಏನಾಗುತ್ತದೆ ಎಂಬುದನ್ನು ಈ ಲೆಕ್ಕ ತೋರಿಸಿಕೊಡುತ್ತದೆ. ಚಿಗರಿಯ ಹಿಂಡಿನಲ್ಲಿ ಐವತ್ತು ಹೋಗಿ ಹತ್ತು ಉಳಿದರೆ ಆ ಹತ್ತೂ ಒಟ್ಟಿಗೇ ಇರುತ್ತವೆ. ಎರೆಭೂತಗಳಲ್ಲಿ ಹತ್ತು ಉಳಿದರೆ ಒಂದಕ್ಕೊಂದು ಸಿಗದೇ ಹೋಗಬಹುದು.

ಕೂಡಿದ ಮೇಲೆ ಗಂಡಿನ ಪಾತ್ರ ಮುಗಿಯಿತು. ಹೆಣ್ಣು ಗೂಡು ಕಟ್ಟುವುದಿಲ್ಲ. ನೆಲದ ತಗ್ಗಿನಲ್ಲಿ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಟ್ಟು ಸುಮಾರು 27 ದಿನ ಕಾವು ಕೊಡುತ್ತದೆ. ದನ, ಕುರಿ ತೀರ ಹತ್ತಿರ ಬಂದರೆ ಎದ್ದು, ಕಾಲು ಜೋತುಬಿಟ್ಟು, ಅಂಕುಡೊಂಕಾಗಿ ತಗ್ಗಿನಲ್ಲಿ ಹಾರುತ್ತ ಗಮನವನ್ನು ಬೇರೆಡೆಗೆ ಸೆಳೆಯುತ್ತದೆ. ನಾಯಿ, ನರಿ, ಮುಂಗುಸಿ, ಕಾಗೆ ಇವುಗಳ ಕಣ್ಣು ತಪ್ಪಿಸಿ ಮರಿ ಹೊರಬಂದರೆ ಮುಂದಿನ ಮಳೆಗಾಲದವರೆಗೂ ಅದು ತಾಯಿಯ ಹಿಂದೆಯೇ ಇರಬಲ್ಲದು. ಯಾವ ಹೊಲದಲ್ಲಿ ಯಾವಾಗ ಹುಳು, ಯಾವ ದಿಣ್ಣೆಯ ಮೇಲೆ ನಿಂತರೆ ದೂರ ಕಾಣುತ್ತದೆ ಎಂಬುದೆಲ್ಲ ತಾಯಿಯ ಬೆನ್ನ ಹಿಂದೆ ನಡೆಯುತ್ತಲೇ ಮರಿಗೆ ಪರಿಚಯವಾಗುತ್ತದೆ. ಚಳಿಗಾಲಕ್ಕೆ ಸಣ್ಣ ಸಣ್ಣ ಗುಂಪುಗಳು ಕೂಡುತ್ತವೆ. ಗಂಡುಗಳು ಹೆಚ್ಚಾಗಿ ಒಂದು ಕಡೆ, ಹೆಣ್ಣುಗಳು ಬೇರೆ ಕಡೆ. ಹಳ್ಳಿಯ ಮದುವೆ ಊಟದ ಪಂಕ್ತಿಯಂತೆ ಎನ್ನಬಹುದು. ಯುರೋಪಿನ ದೊಡ್ಡ ಬಸ್ಟರ್ಡ್‌ಗಳಲ್ಲಿಯೂ ಇದೇ ಪದ್ಧತಿ.

ಒಂದು ಕಾಲಕ್ಕೆ ಈ ಹಕ್ಕಿ ದಖ್ಖನ್ನಿನಲ್ಲಿ ಎಷ್ಟಿತ್ತು ಎಂಬುದಕ್ಕೆ ಬೇಟೆಯ ದಾಖಲೆಗಳೇ ಸಾಕ್ಷಿ. ಅಹಮದ್‌ನಗರ ಜಿಲ್ಲೆಯಲ್ಲಿ ರಾಬರ್ಟ್ ಮ್ಯಾನ್ಸ್‌ಫೀಲ್ಡ್ ಎಂಬ ಒಬ್ಬನೇ ಇಂಗ್ಲಿಷರವನು 1809ರಿಂದ 1829ರ ನಡುವೆ 961 ಹಕ್ಕಿಗಳನ್ನು ಹೊಡೆದನೆಂದು ದಾಖಲಾಗಿದೆ. 1969ರಲ್ಲಿ ಇಡೀ ದೇಶದಲ್ಲಿ ಉಳಿದಿದ್ದವು ಸುಮಾರು 1,260 ಎಂಬ ಅಂದಾಜು. ಈಗ ಕಾಡಿನಲ್ಲಿ ಉಳಿದಿರುವುದು ನೂರೈವತ್ತರ ಆಸುಪಾಸು ಅಥವಾ ಅದಕ್ಕೂ ಕಡಿಮೆ, ಅದರಲ್ಲಿಯೂ ಹೆಚ್ಚಿನ ಪಾಲು ರಾಜಸ್ಥಾನದ ಮರುಭೂಮಿಯಲ್ಲಿ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಬೇಟೆ ಬಹುಮಟ್ಟಿಗೆ ನಿಂತಿತು. ಆದರೂ ಹಕ್ಕಿ ಕುಗ್ಗುತ್ತಲೇ ಹೋಯಿತು.

ಕನ್ನಡ ನಾಡಿನಲ್ಲಿ ಇದಕ್ಕೆ ರಾಣೆಬೆನ್ನೂರಿಗಿಂತ ಒಳ್ಳೆಯ ಪಾಠವಿಲ್ಲ. ಹಾವೇರಿ ಜಿಲ್ಲೆಯ ಈ ಕೃಷ್ಣಮೃಗ ಧಾಮ 1974ರಲ್ಲಿ ಘೋಷಣೆಯಾಯಿತು. ಒಟ್ಟು 119 ಚದರ ಕಿ.ಮೀ. ಆಗ ಅಲ್ಲಿ ಎರೆಭೂತಗಳೂ ಇದ್ದವು. ಆದರೆ ಬಯಲನ್ನು ‘ಬಂಜರು’ ಎಂದು ಬಗೆದ ಕಾಲವದು. ಧಾಮದ ಬಹುಭಾಗದಲ್ಲಿ ನೀಲಗಿರಿ ನೆಟ್ಟಾಗಿತ್ತು. ಗಿಡ ಚಿಕ್ಕದಿದ್ದಾಗ ತೊಂದರೆ ಕಾಣಲಿಲ್ಲ. ಎತ್ತರವಾದಂತೆ ನೋಟ ಮುಚ್ಚಿತು. ಕೃಷ್ಣಮೃಗಗಳು ನೆಡುತೋಪನ್ನು ಹಗಲಿನ ನೆರಳಿಗೆ ಬಳಸಿಕೊಂಡು ಹೊರಗಿನ ಹೊಲಗಳಲ್ಲಿ ಮೇಯ್ದು ಸಾವಿರಗಳ ಲೆಕ್ಕಕ್ಕೆ ಬೆಳೆದವು. ಹಕ್ಕಿ ಮರೆಯಾಯಿತು. ಒಬ್ಬರನ್ನೊಬ್ಬರು ಕಾಣುತ್ತ ದೂರ ನಿಲ್ಲುವ ಸಂಸಾರಕ್ಕೆ ನಡುವೆ ಗೋಡೆ ಎಬ್ಬಿಸಿದಂತಾಗಿತ್ತು. ಗಿಡ ನೆಡುವುದೆಲ್ಲವೂ ಪುಣ್ಯದ ಕೆಲಸವೆಂದು ಶಾಲೆಗಳಲ್ಲಿ ಹೇಳಿಕೊಡುವಾಗ ಈ ಒಂದು ಕತೆಯನ್ನೂ ಸೇರಿಸಿದರೆ ಚೆನ್ನ.

ತಳಕಲ್ಲಿನಿಂದ ಕೊಪ್ಪಳ, ಗಂಗಾವತಿ ಮಾರ್ಗವಾಗಿ ಪೂರ್ವಕ್ಕೆ ಹೊರಟವರಿಗೆ ಇನ್ನೊಂದು ಬಗೆಯ ಗೋಡೆ ಕಾಣುತ್ತದೆ. ಅದು ಹಸಿರು, ಕಣ್ಣಿಗೆ ತಂಪು. 1953ರಲ್ಲಿ ತುಂಗಭದ್ರಾ ಜಲಾಶಯ ತುಂಬಿದ ಮೇಲೆ ಎಡದಂಡೆ ಕಾಲುವೆಯ ನೀರು ಬಂದು ಗಂಗಾವತಿ ಸೀಮೆ ಭತ್ತದ ಕಣಜವಾಯಿತು. ಸಾವಿರಾರು ಮನೆಗಳಲ್ಲಿ ಅನ್ನ ಬೆಂದದ್ದು ಆ ನೀರಿನಿಂದ. ಅದನ್ನು ಹಕ್ಕಿಯ ಹೆಸರಿನಲ್ಲಿ ಜರೆಯುವುದು ನ್ಯಾಯವಲ್ಲ. ಆದರೆ ನೀರು ನಿಂತ ಗದ್ದೆಯಲ್ಲಿ ಎರೆಭೂತ ನಡೆಯಲಾರದು, ಮೊಟ್ಟೆಯಿಡಲಾರದು. ನದಿ ದಾಟಿ ಸಿರುಗುಪ್ಪಕ್ಕೆ ಬಂದರೆ ಅಲ್ಲಿಯೂ ನದಿಯ ಮಗ್ಗುಲಿಗೆ ಭತ್ತ, ಒಳಗೆ ಹೋದಂತೆ ಮಳೆಯನ್ನೇ ನಂಬಿದ ಎರೆ. ಜೋಳ, ಕಡಲೆಯ ಆ ಹೊಲಗಳೇ ಇಂದು ಹಕ್ಕಿಗೆ ಆಸರೆ. ಅಂದರೆ ನಾಡಿನ ಅತ್ಯಂತ ಅಪರೂಪದ ಹಕ್ಕಿಯನ್ನು ಇಷ್ಟು ವರ್ಷ ಉಳಿಸಿದ್ದರಲ್ಲಿ, ತಮಗೆ ಗೊತ್ತಿಲ್ಲದೆಯೇ, ಒಣಬೇಸಾಯದ ರೈತರ ಪಾಲು ದೊಡ್ಡದು. ಅವರು ಬೋರು ಕೊರೆಸಿ ಬೇರೆ ಬೆಳೆಗೆ ಹೊರಳಿದರೆ ತಪ್ಪೆನ್ನುವ ಹಕ್ಕು ಪಟ್ಟಣದವರಿಗಿಲ್ಲ. ಜೋಳ, ಕಡಲೆಗೆ ಒಳ್ಳೆಯ ಬೆಲೆ ಸಿಗುವಂತೆ ಮಾಡುವುದೂ ಪಕ್ಷಿ ಸಂರಕ್ಷಣೆಯೇ ಎಂದು ಸರ್ಕಾರದವರು ತಿಳಿದರೆ ಸಾಕು.

ನೆಲದ ಮೇಲಿನ ಅಡ್ಡಿಗಿಂತ ಕಠಿಣವಾದದ್ದು ಆಕಾಶದಲ್ಲಿದೆ. ಬಸ್ಟರ್ಡ್‌ಗಳ ಕಣ್ಣು ತಲೆಯ ಎರಡು ಮಗ್ಗುಲಿಗೆ ಇರುವುದರಿಂದ ಸುತ್ತಲಿನ ಬಯಲೆಲ್ಲ ಕಾಣುತ್ತದೆ, ನೇರ ಮುಂದಿನದು ಮಾತ್ರ ಕಿರಿದಾದ ಪಟ್ಟಿಯಷ್ಟೇ. ಆಫ್ರಿಕಾದ ಕೋರಿ ಬಸ್ಟರ್ಡ್ ಮೇಲೆ ನಡೆದ ಅಧ್ಯಯನದ ಪ್ರಕಾರ, ಹಾರುವಾಗ ಅದು ನೆಲ ನೋಡಲು ತಲೆಯನ್ನು ಸ್ವಲ್ಪ ಬಗ್ಗಿಸಿದರೂ ಸಾಕು, ಹೋಗುತ್ತಿರುವ ದಿಕ್ಕಿನಲ್ಲಿ ಅದು ಕುರುಡು. ಕಂಡರೂ ಅಷ್ಟು ಭಾರದ ಮೈ ಥಟ್ಟನೆ ತಿರುಗುವುದಿಲ್ಲ. ರಾಜಸ್ಥಾನದಲ್ಲಿ ಈ ಹಕ್ಕಿಯ ಸಾವಿಗೆ ವಿದ್ಯುತ್ ತಂತಿಗಳು ದೊಡ್ಡ ಕಾರಣವೆಂದು ಕಂಡುಬಂದ ಮೇಲೆ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2021ರ ಏಪ್ರಿಲ್‌ನಲ್ಲಿ ನ್ಯಾಯಾಲಯ ತಂತಿಗಳನ್ನು ನೆಲದಡಿಗೆ ಹಾಕಬೇಕೆಂದು ಹೇಳಿತು. 2024ರ ಮಾರ್ಚ್‌ನಲ್ಲಿ ಆ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿಯನ್ನು ನೇಮಿಸಿತು. ಸೂರ್ಯ, ಗಾಳಿಗಳಿಂದ ವಿದ್ಯುತ್ ಪಡೆಯುವುದೂ ಭೂಮಿಗೆ ಬೇಕಾದದ್ದೇ. ತಳಕಲ್, ಕುಕನೂರು ಕಡೆಯ ತಂತಿಗಳನ್ನು ನೋಡುವಾಗ, ದೂರ ದೂರ ಹರಡಿಕೊಂಡಿರುವ ಹಕ್ಕಿ ಹೆಚ್ಚು ಹಾರಬೇಕಾಗುತ್ತದೆ, ಹೆಚ್ಚು ಹಾರಿದಷ್ಟೂ ಹೆಚ್ಚು ತಂತಿ ಎದುರಾಗುತ್ತದೆ ಎಂಬ ಮಾತು ನೆನಪಿರಲಿ.

ಗುಂಪು ಮುರಿದರೆ ಏನಾಗುತ್ತದೆ ಎಂಬುದನ್ನು ಗುಜರಾತಿನ ಕಚ್ ತೋರಿಸಿದೆ. ಇತ್ತೀಚಿನ ವರ್ಷಗಳಲ್ಲಿ ಅಲ್ಲಿ ಉಳಿದದ್ದು ಕೆಲವೇ ಹೆಣ್ಣುಗಳು, ಬೆಳೆದ ಗಂಡು ಇಲ್ಲ. ಹುಲ್ಲಿದೆ, ಹುಳುವಿದೆ, ಧಾಮವೂ ಇದೆ. ದಿಣ್ಣೆಯ ಮೇಲೆ ಕೂಗುವವನಿಲ್ಲ. ಸ್ಪೇನ್ ದೇಶದ ದೊಡ್ಡ ಬಸ್ಟರ್ಡ್‌ಗಳ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದವರು ಇನ್ನೊಂದು ಕುತೂಹಲದ ಸಂಗತಿ ಕಂಡರು. ಎಲ್ಲ ರೀತಿಯಿಂದಲೂ ಯೋಗ್ಯವಾದ ನೆಲ ಪಕ್ಕದಲ್ಲೇ ಖಾಲಿ ಬಿದ್ದಿದ್ದರೂ ಹಕ್ಕಿಗಳು ಹಳೆಯ ಜಾಗಕ್ಕೇ, ತಮ್ಮವರಿರುವ ಕಡೆಗೇ ಬರುತ್ತವೆ. ಒಮ್ಮೆ ಬರಿದಾದ ಬಯಲಿಗೆ ತಾವಾಗಿಯೇ ಮರಳಿ ಹೋಗುವುದು ಬಹಳ ಕಷ್ಟ. ಬ್ರಿಟನ್‌ನಲ್ಲಿ 1832ರ ಸುಮಾರಿಗೆ ನಶಿಸಿದ ಅದೇ ಹಕ್ಕಿಯನ್ನು ಸಾಲ್ಸ್‌ಬರಿ ಬಯಲಿನಲ್ಲಿ ಮತ್ತೆ ನೆಲೆಗೊಳಿಸಲು 2004ರಿಂದ ವರ್ಷವರ್ಷವೂ ಹೊರಗಿನಿಂದ ಮರಿಗಳನ್ನು ತಂದು ಬಿಡಬೇಕಾಯಿತು.

ನಮ್ಮಲ್ಲಿಯೂ ಅಂಥ ಪ್ರಯತ್ನ ನಡೆದಿದೆ. ಜೈಸಲ್ಮೇರಿನ ಸಮ್ ಎಂಬಲ್ಲಿ 2019ರಿಂದ, ಮರುಭೂಮಿಯಲ್ಲಿ ಸಂಗ್ರಹಿಸಿದ ಮೊಟ್ಟೆಗಳಿಗೆ ಕೃತಕ ಕಾವು ಕೊಟ್ಟು ಮರಿ ಬೆಳೆಸಲಾಗುತ್ತಿದೆ. 2024ರ ಅಕ್ಟೋಬರ್‌ನಲ್ಲಿ ಕೃತಕ ಗರ್ಭಧಾರಣೆಯಿಂದ ಮೊದಲ ಮರಿ ಹುಟ್ಟಿದ ಸುದ್ದಿ ಬಂತು. ದೊಡ್ಡ ಸಾಧನೆಯೇ ಸರಿ. ಆದರೆ ಮನುಷ್ಯರ ಕೈಯಲ್ಲಿ ಬೆಳೆದ ಮರಿ ಬಯಲಿಗೆ ಹೋದಾಗ ಯಾರ ಹಿಂದೆ ನಡೆಯಬೇಕು? ಅದಕ್ಕೆ ದಾರಿ ತೋರಲು ಅಲ್ಲಿಯೇ ಹುಟ್ಟಿ ಬೆಳೆದ ನಾಲ್ಕು ಹಿರಿಯ ಹಕ್ಕಿಗಳಾದರೂ ಇರಬೇಕು. ಸಿರುಗುಪ್ಪದ ಬೆರಳೆಣಿಕೆಯ ಎರೆಭೂತಗಳ ಬೆಲೆ ಇರುವುದು ಇಲ್ಲಿ. ಅವು ಇರುವವರೆಗೆ ದಖ್ಖನ್ನಿನ ಎರೆಯಲ್ಲಿ ಬಾಳುವ ಬಗೆಯನ್ನು ಬಲ್ಲ ಗುಂಪೊಂದು ಇದೆ. ಅವು ಹೋದರೆ ರಾಜಸ್ಥಾನದಿಂದ ಎಷ್ಟೇ ಮರಿ ತಂದರೂ ಮೊದಲಿನಿಂದ ಅಕ್ಷರಾಭ್ಯಾಸ ಮಾಡಿಸಿದಂತೆ.

ಮಕ್ಕಳೊಡನೆ ಈ ಸೀಮೆಗೆ ಹೊರಡುವವರು ನವೆಂಬರ್‌ನಿಂದ ಜನವರಿಯೊಳಗೆ ಬರುವುದು ಒಳ್ಳೆಯದು. ಹೊಲ ಹಸಿರಾಗಿರುತ್ತದೆ, ಬಿಸಿಲು ಕಡಿಮೆ. ಗದಗ, ಕೊಪ್ಪಳ ಎರಡೂ ಕಡೆಯಿಂದ ತಳಕಲ್ಲಿಗೆ ರೈಲು, ಬಸ್ಸುಗಳಿವೆ. ಬೆಳಿಗ್ಗೆ ಚಿಗರಿ ನೋಡಿ, ಇಟಗಿಯ ಗುಡಿ, ಕುಕನೂರಿನ ನವಲಿಂಗ ಹಾಗೂ ಮಹಾಮಾಯಿ ಗುಡಿಗಳನ್ನು ಮುಗಿಸಿದರೆ ಒಂದು ದಿನ ಚೆನ್ನಾಗಿ ಕಳೆಯುತ್ತದೆ. ಸಿರುಗುಪ್ಪದ ಹಕ್ಕಿಯ ವಿಷಯ ಬೇರೆ. ಅರಣ್ಯ ಇಲಾಖೆಯವರನ್ನು ಕೇಳದೆ ಅತ್ತ ಹೋಗಬಾರದು. ಮಳೆಗಾಲದಲ್ಲಂತೂ ಹೋಗಲೇಬಾರದು, ಅದು ಮೊಟ್ಟೆಯಿಡುವ ಕಾಲ. ಅನುಮತಿ ಸಿಕ್ಕವರು ದುರ್ಬೀನು ಒಯ್ಯಲಿ, ಗಾಡಿಯಿಂದ ಇಳಿಯದೆ ದಾರಿಯ ಮೇಲೆಯೇ ಕಾಯಲಿ. ಒಂದು ಹಕ್ಕಿ ಕಂಡರೆ ಅದರ ಫೋಟೋಕ್ಕೆ ಆತುರಪಡದೆ ಅದು ಕತ್ತು ತಿರುಗಿಸಿ ಯಾವ ಕಡೆ ನೋಡುತ್ತಿದೆ ಎಂದು ಗಮನಿಸಬೇಕು. ಅರ್ಧ ಮೈಲಿ ಆಚೆ, ಜೋಳದ ಹೊಲದ ಬದುವಿನಲ್ಲಿ, ಇನ್ನೊಂದು ಇರಬಹುದು.